ಕಂಪ್ಯೂಟರಿನಲ್ಲಿ ಇಲ್ಲದ ಕಿಟ್ಟ ಮಾವ

ನಮ್ಮ ಪಕ್ಕದ ಮನೆಯ ಲೀಲಾಧರಣ್ಣನ ಚಾವಡಿಯ ಗೋಡೆಯಲ್ಲಿ ಬಹುಕಾಲದಿಂದ ಇದ್ದದ್ದು ಎರಡು ಪಟ. ಒಂದು ದೇವರದ್ದು, ಇನ್ನೊಂದು ಅವನ ಮದುವೆಯದ್ದು. ಕಳೆದ ವರ್ಷ ಅವೆರಡರ ನಡುವೆ ಮೂರನೆಯದೊಂದು ಬಂದು ಕೂತಿತು. ಮಣಿಪಾಲದಲ್ಲಿ ಸಂಘಗಳ ಕಾರ್ಯದರ್ಶಿಗಳಿಗೆಂದು ಯಾರೋ ನಡೆಸಿದ ಒಂದು ದಿನದ ಕಂಪ್ಯೂಟರ್ ತರಬೇತಿಯ ಪ್ರಮಾಣಪತ್ರ ಅದು. ಅದಕ್ಕೆ ಜಾಗ ಮಾಡಿಕೊಡಲು ದೇವರನ್ನು ಸ್ವಲ್ಪ ಎಡಕ್ಕೂ ಮದುವೆಯನ್ನು ಸ್ವಲ್ಪ ಬಲಕ್ಕೂ ಸರಿಸಬೇಕಾಯಿತು. ದೇವರು ಏನೂ ಹೇಳಲಿಲ್ಲ. ಅವನ ಹೆಂಡತಿ ಕಮಲಕ್ಕ ಮಾತ್ರ, "ಒಂದು ದಿನದ್ದು ನಡುವಿಗೆ, ಇಷ್ಟು ವರ್ಷದ್ದು ಬದಿಗೆ" ಎಂದು ಹೇಳಿ ಒಳಗೆ ಹೋದಳು.

ಆ ಒಂದು ದಿನದಲ್ಲಿ ಲೀಲಣ್ಣ ಕಲಿತದ್ದು ಎರಡೇ ವಿದ್ಯೆ. ಕಡತಗಳನ್ನು ಇಟ್ಟ ಫೋಲ್ಡರ್ ತೆರೆದರೆ ಮೇಲೆ ಬಲಗಡೆ ಒಂದು ಪುಟ್ಟ ಪೆಟ್ಟಿಗೆ ಕಾಣುತ್ತದೆ. ಅದರಲ್ಲಿ ಒಂದು ಹೆಸರು ಬರೆದರೆ, ಆ ಹೆಸರಿರುವ ಕಡತಗಳನ್ನೆಲ್ಲ ಕಂಪ್ಯೂಟರು ತಾನೇ ಹೆಕ್ಕಿ ತೋರಿಸುತ್ತದೆ. ಇನ್ನು ಒಂದು ಕಡತವನ್ನು ತೆರೆದು ಕಂಟ್ರೋಲ್ ಮತ್ತು ಎಫ್ ಒಟ್ಟಿಗೆ ಒತ್ತಿದರೆ, ಬೇಕಾದ ಮಾತು ಯಾವ ಸಾಲಿನಲ್ಲಿದೆ ಎಂದೂ ಗೊತ್ತಾಗುತ್ತದೆ. ಹೊಸದಾಗಿ ಏನೂ ಕೊಳ್ಳಬೇಕಾಗಿಲ್ಲ, ಎರಡೂ ಕಂಪ್ಯೂಟರಿನ ಜೊತೆಗೇ ಹುಟ್ಟಿದ್ದು. ಮಧ್ಯಾಹ್ನದ ಮೇಲೆ ಇನ್ನೂ ಕೆಲವು ವಿದ್ಯೆ ಹೇಳಿಕೊಟ್ಟರಂತೆ. ಆದರೆ ಮಧ್ಯಾಹ್ನದ ಊಟ ಬಹಳ ಚೆನ್ನಾಗಿತ್ತು ಎಂಬುದಷ್ಟೇ ಅವನಿಗೆ ನೆನಪು.

ಲೀಲಣ್ಣ ಹೊಟ್ಟೆಪಾಡಿಗೆ ಐಸ್ ಪ್ಲಾಂಟಿನಲ್ಲಿ ಮ್ಯಾನೇಜರ್, ಗೌರವಕ್ಕೆ ನಮ್ಮ ಕಡಲತಾಯಿ ಕೈರಂಪಣಿ ಸಂಘದ ಕಾರ್ಯದರ್ಶಿ. ಕೈರಂಪಣಿ ಎಂದರೆ ದಡದಲ್ಲಿ ನಿಂತು ಊರವರೆಲ್ಲ ಸೇರಿ ಎಳೆಯುವ ದೊಡ್ಡ ಬಲೆ. ಒಬ್ಬರಿಂದ ಆಗುವ ಕೆಲಸವಲ್ಲ, ಆದ್ದರಿಂದ ಸಂಘ ಬೇಕು. ಸಂಘವಿದ್ದ ಮೇಲೆ ಸಭೆ ಬೇಕು. ಸಭೆಯೆಂದ ಮೇಲೆ ಯಾರು ಏನು ಹೇಳಿದರು ಎಂದು ಬರೆದಿಡುವ ನಡಾವಳಿ ಬೇಕು. ಕಾಪುವಿನ ಕಡಲ ಬದಿಯ ನಮ್ಮ ಓಣಿಯಲ್ಲಿ ಮೀನಿಗೆ ಬರಗಾಲ ಬಂದದ್ದುಂಟು, ನಡಾವಳಿಗೆ ಬಂದದ್ದಿಲ್ಲ. ಕಡಲು ದಡ ಕೊರೆದ ಒಂದು ಮಳೆಗಾಲದಲ್ಲಿ ಹಳೆಯ ಪುಸ್ತಕಗಳೆಲ್ಲ ಉಪ್ಪುನೀರು ಕುಡಿದು ಉಬ್ಬಿದಾಗ, ಅಂದಿನವರು ಅವನ್ನು ಹೊತ್ತುಕೊಂಡು ಹೋಗಿ ಸಂತೆಕಟ್ಟೆಯ ವಿಲ್ಮಾಬಾಯಿಯ ಟೈಪಿಂಗ್ ಅಂಗಡಿಗೆ ಕೊಟ್ಟರು. ಪುಸ್ತಕಗಳು ಉಳಿಯಲಿಲ್ಲ, ಒಳಗಿನ ಮಾತು ಕಂಪ್ಯೂಟರಿನಲ್ಲಿ ಉಳಿಯಿತು. ಆಮೇಲಿನ ನಡಾವಳಿಯನ್ನೂ ವಿಲ್ಮಾಬಾಯಿಯೇ ಟೈಪ್ ಮಾಡುತ್ತಾ ಬಂದರು. ಎರಡು ವರ್ಷದ ಹಿಂದೆ ಜಿತೇಂದ್ರ ಅಧ್ಯಕ್ಷನಾದ. ಅವನಿಗೆ ಯಾವುದಕ್ಕೂ ಕಾದು ಗೊತ್ತಿಲ್ಲ. ನಡಾವಳಿಯನ್ನು ತನ್ನ ಮೊಬೈಲಿನಲ್ಲೇ ಟಕಟಕನೆ ಒತ್ತಿ ಕಳಿಸತೊಡಗಿದ.

ತರಬೇತಿಯಿಂದ ಬಂದ ವಾರದಲ್ಲೇ ಲೀಲಣ್ಣನ ವಿದ್ಯೆಗೆ ಪರೀಕ್ಷೆ ಒದಗಿತು. ಬಲೆ ಒಣಗಿಸುವ ಜಾಗದ ಬಗ್ಗೆ ಹೋದ ವರ್ಷ ಏನು ನಿರ್ಣಯವಾಗಿತ್ತು ಎಂದು ಸಭೆಯಲ್ಲಿ ಜಗಳ ಹತ್ತಿತ್ತು. ಲೀಲಣ್ಣ ಲ್ಯಾಪ್‌ಟಾಪ್ ತೆರೆದ, ಪೆಟ್ಟಿಗೆಯಲ್ಲಿ ಬರೆದ, ಒತ್ತಿದ. ನಿರ್ಣಯ ಎದುರು ಬಂದು ನಿಂತಿತು. ಜಗಳವಾಡುತ್ತಿದ್ದವರಿಗೆ ಇಷ್ಟು ಬೇಗ ಮುಗಿದದ್ದು ಬೇಸರವಾದರೂ ಎಲ್ಲರೂ ಮೆಚ್ಚಿದರು. ಅಂದಿನಿಂದ ಅವನು ಕಂಟ್ರೋಲ್ ಲೀಲಣ್ಣ. ಮರುದಿನ ಬೆಳಿಗ್ಗೆ ಆಚೆ ಮನೆಯ ವನಜಾಕ್ಷಿ ಬಂದು, "ನನ್ನ ಕೋಳಿ ನಿನ್ನೆಯಿಂದ ಕಾಣುದಿಲ್ಲ ಲೀಲಣ್ಣ, ಒಮ್ಮೆ ಒತ್ತಿ ನೋಡಿ" ಎಂದಳು. ಅವನು ನಗಲಿಲ್ಲ. "ಕೋಳಿಯ ವಿಷಯ ಯಾವುದಾದರೂ ಫೈಲಿನಲ್ಲಿ ಉಂಟಾ?" ಎಂದು ಗಂಭೀರವಾಗಿ ಕೇಳಿದ.

ಇಷ್ಟರಲ್ಲೇ ನಿಂತಿದ್ದರೆ ಊರು ನೆಮ್ಮದಿಯಾಗಿರುತ್ತಿತ್ತು. ಆದರೆ ಸಂಘಕ್ಕೆ ಐವತ್ತು ವರ್ಷ ತುಂಬಿತು.

ಸುವರ್ಣ ಮಹೋತ್ಸವಕ್ಕೆ ಸಭೆ ಕರೆದರು. ಸಂಘ ಕಟ್ಟಿದ ಕಾಲದವರಲ್ಲಿ ಬದುಕಿರುವವರನ್ನು ವೇದಿಕೆಯಲ್ಲಿ ಕೂರಿಸಿ ಶಾಲು ಹೊದಿಸುವುದು ಎಂದು ತೀರ್ಮಾನವಾಯಿತು. "ಅಂಥವರು ಯಾರಿದ್ದಾರೆ?" ಎಂದು ಜಿತೇಂದ್ರ ಕೇಳಿದ.

ಹಿಂದಿನ ಬೆಂಚಿನಿಂದ ಕಿಟ್ಟ ಮಾವ, "ನಾನು ಉಂಟಲ್ಲ" ಎಂದರು.

ಕಿಟ್ಟ ಮಾವನಿಗೆ ಎಂಬತ್ತು ದಾಟಿದೆ. ಊರಿಗೆಲ್ಲ ಮಾವ, ಕಮಲಕ್ಕನಿಗೆ ಮಾತ್ರ ನಿಜವಾದ ಸೋದರಮಾವ. ನಮ್ಮ ಕಡೆ ಅಳಿಯಕಟ್ಟಿನ ಲೆಕ್ಕ. ಅಪ್ಪನ ಮಾತು ಮೀರಿದರೂ ನಡೆದೀತು, ಸೋದರಮಾವನ ಮಾತು ಮೀರಿ ಹೆಣ್ಣಿನ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಈ ಎರಡು ವರ್ಷ ಸಭೆಯ ಕಡೆ ತಲೆ ಹಾಕದಿದ್ದ ಮಾವ, ಶಾಲಿನ ಮಾತು ಮೊದಲೇ ಕಿವಿಗೆ ಬಿದ್ದದ್ದರಿಂದ ಅಂದು ಬಂದಿದ್ದರು. ಬಿಳಿ ಅಂಗಿಗೆ ಆಗಲೇ ಇಸ್ತ್ರಿ ಹಾಕಿಸಿ ಇಟ್ಟಿದ್ದರು. ದಾರಿಯಲ್ಲಿ ಸಿಕ್ಕಿದವರಿಗೆಲ್ಲ, "ಶಾಲು ಎಂತಕ್ಕೆ ನನಗೆ, ಸೆಕೆ" ಎಂದು ಹೇಳುತ್ತಾ ಶಾಲಿನ ಸುದ್ದಿಯನ್ನು ಊರಿಡೀ ಹರಡಿದ್ದರು.

"ನೀವು ಇದ್ದದ್ದು ಎಲ್ಲರಿಗೂ ಗೊತ್ತುಂಟು ಮಾವ. ಆದರೂ ಒಮ್ಮೆ ದಾಖಲೆ ನೋಡುವ. ಆಹ್ವಾನ ಪತ್ರಿಕೆಯಲ್ಲಿ ಹಾಕುದಲ್ವಾ?" ಎಂದ ಲೀಲಣ್ಣ. ಯಂತ್ರ ಓಡುವುದನ್ನು ನೋಡುವ ಆಸೆ ಎಲ್ಲರಿಗೂ ಇತ್ತು. ಅವನು ಪೆಟ್ಟಿಗೆಯಲ್ಲಿ ಕಿಟ್ಟ ಎಂದು ಬರೆದು ಒತ್ತಿದ. ಪರದೆ ಬೆಳ್ಳಗಾಯಿತು. ಹುಡುಕಿದ್ದಕ್ಕೆ ಹೊಂದುವಂಥದ್ದು ಏನೂ ಇಲ್ಲ ಎಂದು ಒಂದು ಸಾಲು ಬಂತು. ಕೃಷ್ಣ ಎಂದು ಬರೆದ, ಇಲ್ಲ. ಮೊತ್ತಮೊದಲ ನಡಾವಳಿಯ ಕಡತವನ್ನೇ ತೆರೆದು ಕಂಟ್ರೋಲ್ ಎಫ್ ಒತ್ತಿದ. ಅಲ್ಲಿಯೂ ಇಲ್ಲ.

ಲೀಲಣ್ಣ ಕನ್ನಡಕ ತೆಗೆದು ಒರೆಸಿದ. ಆಗಲಾದರೂ ಸುಮ್ಮನಿರಬಹುದಿತ್ತು. ಆದರೆ ಪ್ರಮಾಣಪತ್ರವಿರುವ ಮನುಷ್ಯ ಸುಮ್ಮನಿರುವುದು ಕಷ್ಟ. "ದಾಖಲೆಯ ಪ್ರಕಾರ ಕಿಟ್ಟ ಎಂಬವರು ನಮ್ಮ ಸಂಘದಲ್ಲಿ ಯಾವ ಕಾಲಕ್ಕೂ ಇರಲಿಲ್ಲ" ಎಂದು ಸಭೆಗೆ ತಿಳಿಸಿದ.

"ನನ್ನ ಹೆಸರು ಒತ್ತಿ ನೋಡುವ" ಎಂದ ಜಿತೇಂದ್ರ. ಒತ್ತಿದ ಕೂಡಲೇ ಪರದೆ ತುಂಬಿ ತುಳುಕಿತು. ಅಧ್ಯಕ್ಷರಾದ ಜಿತೇಂದ್ರರು ಸ್ವಾಗತಿಸಿದರು, ಜಿತೇಂದ್ರರು ಸೂಚಿಸಿದರು, ಜಿತೇಂದ್ರರು ವಂದಿಸಿದರು. ಜಿತೇಂದ್ರ ತಲೆ ತಗ್ಗಿಸಿ ಬಹಳ ವಿನಯದಿಂದ, "ಕಂಪ್ಯೂಟರೇ ಹೇಳುವಾಗ ನಾನು ಶಾಲು ಬೇಡ ಹೇಳುದು ಸರಿಯಲ್ಲ" ಎಂದ.

"ಎಂತ ಮಾರಾಯ? ಸಂಘಕ್ಕೆ ಐವತ್ತು, ನಿನಗೆ ನಲವತ್ತು. ನೀನು ಕಟ್ಟಿದ್ದು ಹೇಗೆ?" ಎಂದ ವನಜಾಕ್ಷಿಯ ಗಂಡ ಕರುಣಾಕರ.

"ಸಂಘಕ್ಕೆ ಐವತ್ತು ಅಂತ ಯಾರು ಹೇಳಿದ್ದು? ಕಂಪ್ಯೂಟರಿನಲ್ಲಿ ಉಂಟಾ?"

ಕಿಟ್ಟ ಮಾವ ನಿಧಾನವಾಗಿ ಎದ್ದರು. ಮುಖ ಒರೆಸುವ ಬೈರಾಸನ್ನು ಹೆಗಲಿಗೆ ಹಾಕಿಕೊಂಡರು. "ಹಾಗಾದರೆ ಇಷ್ಟು ವರ್ಷ ಬಲೆ ಎಳೆದದ್ದು ಯಾರು? ನನ್ನ ಪ್ರೇತವಾ?" ಎಂದು ಕೇಳಿ ಹೊರಟೇ ಹೋದರು. ಅವರ ಧ್ವನಿ ನಡುಗಿದ್ದು ನನಗೆ ಕೇಳಿಸಿತು. ಲೀಲಣ್ಣನಿಗೆ ಕೇಳಿಸಲಿಲ್ಲ, ಅವನು ಇನ್ನೂ ಒತ್ತುತ್ತಿದ್ದ.

ಮರುದಿನದಿಂದ ಲೀಲಣ್ಣನ ಮನೆಗೆ ಮೀನು ಬರುವುದು ನಿಂತಿತು. ಕಿಟ್ಟ ಮಾವ ಈಗ ಬಲೆ ಎಳೆಯುವುದಿಲ್ಲ, ಆದರೂ ಬೆಳಿಗ್ಗೆ ದಡಕ್ಕೆ ಹೋಗಿ ಎಳೆಯುವವರ ತಪ್ಪು ಹುಡುಕುತ್ತಾರೆ. ಆ ಉಪಕಾರಕ್ಕೆ ಪ್ರತಿಯಾಗಿ ಸಿಗುವ ಮೀನನ್ನು ಸೋದರಸೊಸೆ ಕಮಲಕ್ಕನ ಗೇಟಿಗೆ ತಂದು ಕೊಟ್ಟು ಹೋಗುವುದು ಅವರ ಕ್ರಮ. ಮಧ್ಯಾಹ್ನ ಊಟಕ್ಕೆ ಕೂತ ಲೀಲಣ್ಣನ ಎದುರು ಗಂಜಿ ಮತ್ತು ಮಿಡಿ ಉಪ್ಪಿನಕಾಯಿ ಬಂತು.

"ಮೀನು?" ಎಂದು ಕೇಳಿದ.

"ಕಂಪ್ಯೂಟರಿನಲ್ಲಿ ಉಂಟು. ಹೆಕ್ಕಿಕೊಳ್ಳಿ" ಎಂದಳು ಕಮಲಕ್ಕ. ಆಮೇಲೆ ಅವಳಿಗೆ ತಮಾಷೆ ಮಾಡಲು ಆಗಲಿಲ್ಲ. "ನನ್ನ ಅಪ್ಪ ಹೋದ ಮೇಲೆ ನನ್ನನ್ನು ಹೆಗಲಲ್ಲಿ ಕೂರಿಸಿಕೊಂಡು ಶಾಲೆಗೆ ಬಿಟ್ಟದ್ದು ಅವರು. ನಿಮಗೆ ಧಾರೆ ಎರೆದು ಕೊಟ್ಟದ್ದು ಅವರು. ಅವರು ಇರಲೇ ಇಲ್ಲ ಅಂತಾದರೆ ನಾನು ಎಲ್ಲಿಂದ ಬಂದೆ? ಸೋಮವಾರ ಆಹ್ವಾನ ಪತ್ರಿಕೆ ಪ್ರೆಸ್ಸಿಗೆ ಹೋಗ್ತದೆ. ಅದರಲ್ಲಿ ಅವರ ಹೆಸರು ಇಲ್ಲದಿದ್ದರೆ ಈ ಮನೆಯಲ್ಲಿ ಗಂಜಿಯೂ ಇಲ್ಲ" ಎಂದಳು. ಅವಳ ಕಣ್ಣು ತುಂಬಿತ್ತು. ಲೀಲಣ್ಣ ಉಪ್ಪಿನಕಾಯಿಯ ಮಿಡಿಯನ್ನು ನೋಡುತ್ತಾ ಕೂತ.

ಅಷ್ಟರಲ್ಲಿ ಸುದ್ದಿ ಓಣಿಯಿಡೀ ಓಡಾಡಿ ರೂಪ ಬದಲಿಸಿತ್ತು. ಕಿಟ್ಟ ಮಾವ ಇಲ್ಲವಾದರೆ ನಾವು ಇದ್ದೇವೋ ಇಲ್ಲವೋ ಎಂಬ ಚಿಂತೆ ಎಲ್ಲರಿಗೂ ಹತ್ತಿತು. ಒಬ್ಬೊಬ್ಬರೇ ಬಂದು ತಮ್ಮ ಹೆಸರು, ತಮ್ಮ ಮಾವಂದಿರ ಹೆಸರು ಒತ್ತಿಸಿದರು. ಯಾರೂ ಇರಲಿಲ್ಲ. ಈ ಎರಡು ವರ್ಷದ ಸಭೆಗೆ ಬಂದವರು ಮಾತ್ರ ಅಲ್ಲಲ್ಲಿ ಸಿಕ್ಕಿದರು, ಅದಕ್ಕಿಂತ ಹಿಂದೆ ಓಣಿಯೇ ಖಾಲಿ. ಲೀಲಣ್ಣ ಪ್ರತಿಯೊಬ್ಬರನ್ನೂ ಸಮಾಧಾನ ಮಾಡಿ ಕಳಿಸಿದ. "ನಿಮ್ಮ ಮಾವ ಸಭೆಯಲ್ಲಿ ಬಾಯಿ ಬಿಡ್ತಿರಲಿಲ್ಲ ಕಾಣ್ತದೆ" ಎಂದು ಒಬ್ಬನಿಗೆ ಹೇಳಿದ. ಆ ಮಾವನ ಬಾಯಿಗೆ ಹೆದರಿ ಊರಿನ ನಾಯಿಗಳು ದಾರಿ ಬಿಡುತ್ತಿದ್ದವು.

ಗಂಡಸರು ಇಷ್ಟಕ್ಕೇ ಬಿಟ್ಟರು. ಹೆಂಗಸರು ಬಿಡಲಿಲ್ಲ. ಅವರಿಗೆ ಬೇರೆಯೇ ಒಂದು ಯೋಚನೆ ಹೊಳೆಯಿತು. ವನಜಾಕ್ಷಿ ಗಂಡನನ್ನು ಅಂಗಳದಲ್ಲೇ ನಿಲ್ಲಿಸಿ ಕೇಳಿದಳು.

"ಮದುವೆಯಾದಲ್ಲಿಂದ ನೀವು ಸಂಜೆಯಾದರೆ ಸಭೆ ಉಂಟು, ಸಭೆ ಉಂಟು ಅಂತ ಹೋಗ್ತಿದ್ರಿ ಅಲ್ವಾ?"

"ಹೌದು."

"ಸಭೆಯಲ್ಲಿ ನೀವು ಇರಲಿಲ್ಲವಂತೆ. ಮತ್ತೆ ಎಲ್ಲಿದ್ರಿ?"

ಕರುಣಾಕರ ಸೀದಾ ಓಡಿ ಬಂದದ್ದು ಲೀಲಣ್ಣನ ಮನೆಗೆ. "ಲೀಲಣ್ಣ, ದಮ್ಮಯ್ಯ, ಇನ್ನೊಮ್ಮೆ ಹುಡುಕು ಮಾರಾಯ. ಹಳೆಯ ಸಭೆಯಲ್ಲಿ ಒಂದು ಕಡೆಯಾದರೂ ನಾನು ಇರಬೇಕು. ಎಲ್ಲಿಯಾದರೂ ಕೆಮ್ಮಿದ್ದಾದರೂ ಇರಲಿ" ಎಂದು ಅಂಗಲಾಚಿದ. ಅವನ ಹಿಂದೆ ಇನ್ನೂ ಮೂರು ನಾಲ್ಕು ಗಂಡಂದಿರು ಅದೇ ಮುಖ ಹೊತ್ತು ನಿಂತಿದ್ದರು. ನಾನೂ ಇದ್ದೆ ಎಂಬುದನ್ನು ಇಲ್ಲಿ ಹೇಳುವ ಅಗತ್ಯವಿಲ್ಲ.

ಆ ದಿನ ಮೊದಲ ಬಾರಿಗೆ ಲೀಲಣ್ಣ ತನ್ನದೇ ಹೆಸರು ಒತ್ತಿ ನೋಡಿದ. ಹುಡುಗನಾಗಿದ್ದಾಗಿನಿಂದ ಅವನು ಸಂಘದ ಸದಸ್ಯ. ಕಂಪ್ಯೂಟರಿನ ಪ್ರಕಾರ ಅವನಿಗೂ ಎರಡೇ ವರ್ಷ. ಅವನಿಗೆ ಸ್ವಲ್ಪ ಚಳಿಯಾದಂತಾಯಿತು. ಫ್ಯಾನ್ ನಿಲ್ಲಿಸಿದ.

ಭಾನುವಾರ ಬೆಳಿಗ್ಗೆ ಕಮಲಕ್ಕ ಕೈ ಒರೆಸಿಕೊಳ್ಳುತ್ತಾ ಚಾವಡಿಗೆ ಬಂದಳು. ನಾನು ಪೇಪರ್ ಓದುವ ನೆಪದಲ್ಲಿ ಅಲ್ಲೇ ಕೂತಿದ್ದೆ.

"ಜಿತೇಂದ್ರನ ಎರಡು ವರ್ಷ ಬಿಡಿ. ಹಳೆಯ ಫೈಲುಗಳಲ್ಲಿ ಮಾತ್ರ ಮೀನು ಅಂತ ಹುಡುಕಿ" ಎಂದಳು.

ಹುಡುಕಿದ. ಏನೂ ಇಲ್ಲ.

"ಬಲೆ?"

ಇಲ್ಲ.

"ಕಡಲು?"

ಕಡಲೂ ಇರಲಿಲ್ಲ. ಲೀಲಣ್ಣ, "ಆ ಕಾಲದಲ್ಲಿ ಮೀನು ಕಡಿಮೆ ಇತ್ತೋ ಏನೋ" ಎಂದ.

"ಮೀನಿಲ್ಲದೆ, ಬಲೆಯಿಲ್ಲದೆ, ಕಡಲೂ ಇಲ್ಲದೆ ಇವರು ಇಷ್ಟು ವರ್ಷ ಎಂತ ಎಳೆದದ್ದು? ಆ ಮೊದಲನೇ ಫೈಲು ತೆರೆಯಿರಿ. ಹುಡುಕುದು ಬೇಡ. ಓದುವ" ಎಂದಳು ಕಮಲಕ್ಕ.

ಓದುವುದು! ತರಬೇತಿಯಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟು ದಿನದಲ್ಲಿ ನಮ್ಮ ಊರಿನ ಯಾರೊಬ್ಬರಿಗೂ ಅದು ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಲೀಲಣ್ಣ ಕಡತ ತೆರೆದ. ಕಮಲಕ್ಕ ಪರದೆಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಓದುತ್ತಾ ಹೋದಳು. ಹೆಚ್ಚು ಹೋಗಬೇಕಾಗಲಿಲ್ಲ. "ಇದು ಎಂತ? ಕಿಟ್ಟ. ದೊಡ್ಡದಾಗಿ ಉಂಟು, ನೋಡಿ" ಎಂದಳು.

ಲೀಲಣ್ಣ ನೋಡಿದ. ನಾನೂ ನೋಡಿದೆ. ಅಚ್ಚಗನ್ನಡದಲ್ಲಿ ಕಿಟ್ಟ ಎಂದೇ ಇತ್ತು. ಲೀಲಣ್ಣ ಕಂಟ್ರೋಲ್ ಎಫ್ ಒತ್ತಿದ. ಇಲ್ಲ ಎಂದಿತು ಕಂಪ್ಯೂಟರು. ಮಾವ ಪರದೆಯ ಮೇಲೆ ಕಣ್ಣೆದುರು ಕೂತಿದ್ದಾರೆ, ಯಂತ್ರ ಇಲ್ಲವೆನ್ನುತ್ತಿದೆ. ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಪ್ರಮಾಣಪತ್ರ. ಅವನ ಸಂಕಟ ನೋಡಲಾಗುತ್ತಿರಲಿಲ್ಲ.

"ನಾನು ಬರೆಯುದರಲ್ಲಿ ತಪ್ಪಿರಬಹುದು. ಇಲ್ಲಿಂದಲೇ ಎತ್ತಿ ಪೆಟ್ಟಿಗೆಗೆ ಹಾಕಿ ನೋಡುವ. ಆಗಲೂ ಇಲ್ಲ ಹೇಳಿದರೆ ನೀನು ಒಪ್ಪಬೇಕು" ಎಂದು ಅವನು ಕಿಟ್ಟ ಎಂಬ ಪದವನ್ನು ಕಡತದಿಂದ ಕಾಪಿ ಮಾಡಿ ಹುಡುಕುವ ಪೆಟ್ಟಿಗೆಗೆ ತಂದು ಹಾಕಿದ. ಪೆಟ್ಟಿಗೆಯೊಳಗೆ ಬಿದ್ದದ್ದು ಕಿಟ್ಟ ಅಲ್ಲ. ಇಂಗ್ಲಿಷಿನ ಒಂದು ಕ್ಯೂ, ಒಂದು ಎಲ್, ಆಮೇಲೆ ತಲೆಯ ಮೇಲೆ ಎರಡು ಚುಕ್ಕೆ ಇಟ್ಟುಕೊಂಡ ಒಂದು ಓ.

"ಇದು ಎಂತ ಅವಸ್ಥೆ? ನನ್ನ ಮಾವನನ್ನು ಎಂತ ಮಾಡಿದ್ದು ಈ ಯಂತ್ರ?" ಎಂದು ಕಮಲಕ್ಕ ಸಿಟ್ಟಿನಿಂದ ಕೀಲಿಮಣೆಯ ಮೇಲೆ ಒಂದು ಬಡಿದಳು. ಪೆಟ್ಟು ಎಂಟರ್ ಕೀಲಿಯ ಮೇಲೆ ಬಿತ್ತು.

ಬಲೆಗೆ ಬಂಗುಡೆ ಬಿದ್ದ ಹಾಗೆ ಕಡತಗಳು ಬರತೊಡಗಿದವು. ಮೊದಲ ವರ್ಷದ್ದು, ಎರಡನೆಯ ವರ್ಷದ್ದು, ಕಡಲು ಕೊರೆದ ವರ್ಷದ್ದು, ಪರದೆ ತುಂಬಿದರೂ ನಿಲ್ಲಲಿಲ್ಲ. ಪ್ರತಿಯೊಂದರಲ್ಲೂ ಕಿಟ್ಟ ಇದ್ದರು. ಲೀಲಣ್ಣ ಎದ್ದು ನಿಂತ. ಯಾಕೆ ಎದ್ದನೆಂದು ಅವನಿಗೇ ಗೊತ್ತಿರಲಿಲ್ಲ.

ಸಂತೆಕಟ್ಟೆಗೆ ಫೋನ್ ಮಾಡಿದಾಗ ವಿಲ್ಮಾಬಾಯಿ ಮೊದಲು ಬೈದು ಮುಗಿಸಿದರು. ತಾನು ಹೆಸರುಗಳನ್ನೇ ಬಿಟ್ಟು ಟೈಪ್ ಮಾಡಿದ್ದೇನೆಂಬ ಸುದ್ದಿ ಅವರ ಇಗರ್ಜಿಯ ಪಾದ್ರಿಯವರೆಗೂ ಹೋಗಿತ್ತು. ಬೈಗುಳದ ನಂತರ ವಿವರಣೆ ಬಂತು. "ನಾನು ಟೈಪ್ ಮಾಡುವ ಕಾಲದ ಫಾಂಟೇ ಬೇರೆ ಲೀಲಣ್ಣ. ಅದು ಕಣ್ಣಿಗೆ ಮಾತ್ರ ಕನ್ನಡ. ಕಂಪ್ಯೂಟರಿಗೆ ಅದು ಇಂಗ್ಲಿಷ್ ಗುರುತುಗಳ ರಾಶಿ. ನೀವು ಈಗಿನ ಕನ್ನಡದಲ್ಲಿ ಕರೆದರೆ ಹಳಬರಿಗೆ ಹೇಗೆ ಕೇಳ್ತದೆ? ಹಳೆಯದರಿಂದ ಎತ್ತಿ ಹಾಕಿ ಹುಡುಕಿ, ಎಲ್ಲ ಸಿಗ್ತದೆ."

ಸಂಜೆಯೊಳಗೆ ಇಡೀ ಓಣಿಗೆ ಮರುಜನ್ಮವಾಯಿತು. ಕರುಣಾಕರ ನೂರಾರು ಕಡೆ ಸಿಕ್ಕಿದ, ಕೆಮ್ಮಿದ್ದಲ್ಲ, ಅನುಮೋದಿಸಿದ್ದು. ವನಜಾಕ್ಷಿ ಒಂದೊಂದು ತಾರೀಕನ್ನೂ ಕೇಳಿ ಖಾತ್ರಿ ಮಾಡಿಕೊಂಡಳು. ಮಾವನನ್ನು ಕಂಡು ಕ್ಷಮೆ ಕೇಳದೆ ಗಂಜಿಯೂ ಇಲ್ಲವೆಂದು ಹೆಂಡತಿ ಹೇಳಿದ್ದರಿಂದ, ಲೀಲಣ್ಣ ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಕಿಟ್ಟ ಮಾವನ ಮನೆಗೆ ಹೊರಟ. ಸಾಕ್ಷಿಗೆ ನಾನೂ ಹೋದೆ.

ಕಿಟ್ಟ ಮಾವ ಜಗಲಿಯಲ್ಲಿ ಕೂತಿದ್ದರು. ಬನ್ನಿ ಎನ್ನಲಿಲ್ಲ. ಲೀಲಣ್ಣ ಕಾಲು ಮುಟ್ಟಿ ನಮಸ್ಕರಿಸಿ, ಎದುರು ಕೂತು ಮೊದಲ ಸಭೆಯ ನಡಾವಳಿಯನ್ನು ಗಟ್ಟಿಯಾಗಿ ಓದತೊಡಗಿದ. ಮಾವನ ಸಾಲು ಬಂದಾಗ ಅವನ ಧ್ವನಿ ಸಣ್ಣದಾಯಿತು. ಇಂಥ ಸಂಘ ನಮಗೆ ಬೇಡವೆಂದು ಕಿಟ್ಟ ಇವರು ಆಕ್ಷೇಪಿಸಿ, ಸಭೆಯ ಮಧ್ಯದಲ್ಲಿ ಎದ್ದು ಹೋದರು ಎಂದಿತ್ತು.

ನಾನು ತಲೆ ಎತ್ತಿ ಮನೆಯ ಮಾಡು ನೋಡಿದೆ. ಲೀಲಣ್ಣ ಗಾಬರಿಯಿಂದ ಮುಂದಿನ ಕಡತ ತೆರೆದ. ಅಲ್ಲಿಯೂ ಕಿಟ್ಟ ಇವರು ಆಕ್ಷೇಪಿಸಿದ್ದರು. ಅದರ ಮುಂದಿನದರಲ್ಲೂ. ಬಲೆ ಹಾಕುವ ಜಾಗ ಸರಿಯಿಲ್ಲ, ಚಹಾದಲ್ಲಿ ಸಕ್ಕರೆ ಇಲ್ಲ, ಅಧ್ಯಕ್ಷರ ಮಾತು ಉದ್ದವಾಯಿತು. ಐವತ್ತು ವರ್ಷದ ಸಂಘದ ಇತಿಹಾಸದಲ್ಲಿ ಅವರು ಒಂದು ನಿರ್ಣಯವನ್ನೂ ಒಪ್ಪಿರಲಿಲ್ಲ.

"ಸರಿಯಾಗಿಯೇ ಬರೆದಿದ್ದಾರೆ" ಎಂದರು ಕಿಟ್ಟ ಮಾವ. ಬೆನ್ನು ನೆಟ್ಟಗಾಗಿತ್ತು. "ಸಕ್ಕರೆ ಇರಲಿಲ್ಲ. ನಾನೊಬ್ಬನೇ ಹೇಳಿದ್ದು. ಉಳಿದವರು ಹಾಗೆಯೇ ಕುಡಿದರು. ಮೊದಲನೆಯದನ್ನು ಇನ್ನೊಮ್ಮೆ ಓದು."

ಲೀಲಣ್ಣ ಓದಿದ. ಈ ಸಲ ಎರಡನೆಯ ಸಭೆಯ ತುದಿಯವರೆಗೂ ಓದಿದ. ಹಿಂದಿನ ಸಭೆಯಿಂದ ಎದ್ದು ಹೋದ ಕಿಟ್ಟ ಇವರು ಮರುದಿನ ಬಲೆ ಎಳೆಯಲು ಎಲ್ಲರಿಗಿಂತ ಮೊದಲು ಬಂದು ಹಗ್ಗ ಹಿಡಿದು ನಿಂತಿದ್ದರೆಂಬುದನ್ನು ಸಭೆ ಗಮನಿಸಿತು ಎಂದು ಅಲ್ಲಿ ಬರೆದಿತ್ತು. ಕಿಟ್ಟ ಮಾವ ಬೈರಾಸಿನಿಂದ ಮುಖ ಒರೆಸಿಕೊಂಡರು. ಅದನ್ನು ಬರೆದ ಆಗಿನ ಕಾರ್ಯದರ್ಶಿ ತೀರಿಹೋಗಿ ಎಷ್ಟೋ ಕಾಲವಾಗಿತ್ತು. "ಅದನ್ನು ಬರೆದಿದ್ದಾನಾ? ನನ್ನಲ್ಲಿ ಒಂದು ಮಾತು ಹೇಳಲಿಲ್ಲ, ಪಾಪದವ" ಎಂದರು.

ಅಂದೇ ಸೇರಿದ ತುರ್ತು ಸಭೆಯಲ್ಲಿ ಜಿತೇಂದ್ರ ಒಂದು ಕೊನೆಯ ಪ್ರಯತ್ನ ಮಾಡಿದ. ಬೇಡ ಎಂದವರು ಕಟ್ಟಿದವರಾಗುವುದು ಹೇಗೆ ಎಂದು ಕೇಳಿದ. "ಬೇಡ ಹೇಳ್ಲಿಕ್ಕೂ ಅಲ್ಲಿ ಇರಬೇಕಲ್ಲ ಮಾರಾಯ. ನೀನು ಇದ್ದಿಯಾ?" ಎಂದ ಕರುಣಾಕರ. ಮರುದಿನ ಆಹ್ವಾನ ಪತ್ರಿಕೆ ಪ್ರೆಸ್ಸಿಗೆ ಹೋದಾಗ ಅದರಲ್ಲಿ ಕಿಟ್ಟ ಮಾವನ ಹೆಸರು ಜಿತೇಂದ್ರನ ಹೆಸರಿಗಿಂತ ಮೇಲಿತ್ತು.

ಮಹೋತ್ಸವದ ದಿನ ಇಸ್ತ್ರಿಯ ಬಿಳಿ ಅಂಗಿಯಲ್ಲಿ ಅವರು ವೇದಿಕೆಯ ನಡುವೆ ಕೂತರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಜಿತೇಂದ್ರ ಉದ್ದ ಮಾತನಾಡಿದ. ಕೊನೆಗೆ ಮೈಕು ಕಿಟ್ಟ ಮಾವನ ಕೈಗೆ ಬಂತು. "ಶಾಲು ಸೆಕೆ. ಹಣ್ಣು ಹಣ್ಣಾಗಲಿಲ್ಲ. ಅಧ್ಯಕ್ಷರ ಮಾತು ಉದ್ದವಾಯಿತು. ಇಂಥ ಸಮಾರಂಭ ನಮಗೆ ಬೇಡ ಅಂತ ನನ್ನ ಆಕ್ಷೇಪ ಉಂಟು" ಎಂದು ಹೇಳಿ, ಕಾರ್ಯಕ್ರಮದ ಮಧ್ಯದಲ್ಲಿ ಎದ್ದು ಮೆಟ್ಟಿಲಿಳಿದು ಹೊರಟೇ ಹೋದರು. ಶಾಲನ್ನು ಮಾತ್ರ ಬಿಟ್ಟು ಹೋಗಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮರುದಿನ ಬೆಳಿಗ್ಗೆ ಲೀಲಣ್ಣ ಸಮಾರಂಭದ ನಡಾವಳಿಯನ್ನು ತಾನೇ ಕೂತು ಟೈಪ್ ಮಾಡಿದ, ಈಗಿನ ಕನ್ನಡದಲ್ಲಿ. ಕಿಟ್ಟ ಇವರು ಆಕ್ಷೇಪಿಸಿ ಮಧ್ಯದಲ್ಲಿ ಎದ್ದು ಹೋದರು ಎಂದು ಬರೆದು ಮುಗಿಸಿ, ಪೆಟ್ಟಿಗೆಯಲ್ಲಿ ಕಿಟ್ಟ ಎಂದು ಒತ್ತಿ ನೋಡಿದ. ಒಂದು ಕಡತ ಬಂತು. ಅವನಿಗಾದ ಸಂತೋಷ ಅಷ್ಟಿಷ್ಟಲ್ಲ.

"ಕಮಲಾ, ಮಾವ ಸಿಕ್ಕಿದರು!" ಎಂದು ಕೂಗಿದ.

ಕಮಲಕ್ಕ ಮೀನಿನ ಪಾತ್ರೆ ಹಿಡಿದುಕೊಂಡು ಅಂಗಳಕ್ಕೆ ಇಳಿಯುತ್ತಿದ್ದಳು. "ಅದನ್ನು ಹುಡುಕಬೇಕಾ? ಅಗೋ, ಗೇಟಿನಲ್ಲಿ ನಿಂತು ನಿಮ್ಮನ್ನೇ ಬೈತಾ ಇದ್ದಾರೆ. ಹೋಗಿ ಚಿಲಕ ತೆಗೆಯಿರಿ" ಎಂದಳು.